ವಾಕಿಂಗ್ ಮಾಡುತ್ತಾ ಉಪನ್ಯಾಸ ಕೇಳುವವರು ಯಾರಿದ್ದೀರಿ? ಏನು ಕೇಳುತ್ತೀರಿ, ಎಷ್ಟು ತಲೆಗೆ ಹೋಗುತ್ತದೆ?

ಕುಕ್ಕರಹಳ್ಳಿ ವಾಕರ್

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವ ಅಭ್ಯಾಸ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮನೆಯಲ್ಲಿ ಕೂತು ಓದಲು ಹೊತ್ತೇ ಸಿಗುವುದಿಲ್ಲ. ಹಾಗಾಗಿ ನಡೆಯುವಾಗಲೇ ಏನಾದರೂ ಕೇಳೋಣ ಅಂತ ಶುರು ಮಾಡಿದೆ. ಹಾಡು ಬೇಡ, ಅದನ್ನು ಅಡುಗೆ ಮಾಡುವಾಗ ಕೇಳಬಹುದು. ವಿಶ್ವವಿದ್ಯಾಲಯದ ಪಾಠಗಳು, ವಿದ್ವಾಂಸರ ಉಪನ್ಯಾಸ, ಗಟ್ಟಿ ಪುಸ್ತಕ, ಇಂಥವು ಬೇಕು.

ಕೆಲವು ಸಲೀಸಾಗಿ ತಲೆಗೆ ಹೋಗುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಪುಕ್ಕಟೆ ಪಾಠ ಇಡುವ ಓಪನ್ ಯೇಲ್ ಕೋರ್ಸಸ್ ತಾಣದಲ್ಲಿ ಡೊನಾಲ್ಡ್ ಕೇಗನ್ ಅವರ ಪ್ರಾಚೀನ ಗ್ರೀಕ್ ಇತಿಹಾಸದ ಪಾಠ ಹಾಗಿತ್ತು. ಕೇಳುತ್ತಾ ಕೇಳುತ್ತಾ ಇನ್ನೊಂದು ಸುತ್ತು ಜಾಸ್ತಿ ಹಾಕಿಬಿಡುತ್ತಿದ್ದೆ. ಆದರೆ ಇತ್ತೀಚೆಗೆ ಒಂದು ವಿಚಾರ ಸಂಕಿರಣದ ಭಾಷಣ ಹಾಕಿಕೊಂಡೆ. ವಿಷಯ ನನ್ನದೇ. ಮಾತಾಡಿದವರೂ ದೊಡ್ಡವರು. ಮನೆಗೆ ಬಂದ ಮೇಲೆ ಅವರು ಏನು ಹೇಳಿದರು ಅಂತ ಯೋಚಿಸಿದರೆ ಒಂದು ಮಾತೂ ನೆನಪಿಲ್ಲ.

ಇದು ನನ್ನ ಗಮನದ ತೊಂದರೆಯೋ, ಭಾಷಣದ್ದೋ? ನೀವೆಲ್ಲ ಏನು ಕೇಳುತ್ತೀರಿ, ಹೇಗೆ ಆರಿಸುತ್ತೀರಿ? ಕನ್ನಡದಲ್ಲಿ ಏನು ಸಿಗುತ್ತದೆ ಅನ್ನುವುದನ್ನೂ ಹೇಳಿ.

ಹೆಬ್ಬಾಳ ರನ್ನರ್

ಭಾಷಣದ್ದೇ ಮೇಡಂ. ಸಂಕಿರಣದ ಭಾಷಣ ಅಂದರೆ ಸ್ಲೈಡ್ ಇದ್ದೇ ಇರುತ್ತದೆ. "ಈ ಚಿತ್ರದಲ್ಲಿ ನೋಡಿ", "ಎಡಗಡೆ ಕಾಲಂನಲ್ಲಿ ಇರುವಂತೆ" ಅಂತ ಅವರು ಹೇಳುತ್ತಾ ಹೋದರೆ ಓಡುವವನು ಎಲ್ಲಿ ನೋಡಬೇಕು? ಅರ್ಧ ವಿಷಯ ಗೋಡೆ ಮೇಲೆ ಇರುತ್ತದೆ. ಬಾಯಲ್ಲಿ ಬರುವುದು ಉಳಿದರ್ಧ ಮಾತ್ರ.

ಬೋರ್ಡ್ ಪಾಠಗಳ ಕತೆಯೂ ಇದೇ. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪಾಠ ಜಗತ್ತಿಗೇ ಗೊತ್ತು. ಕೂತು ನೋಡಿದರೆ ಅದ್ಭುತ. ಇಯರ್‌ಫೋನ್‌ನಲ್ಲಿ ಮಾತ್ರ ಕೇಳಿದರೆ "ಈ ಸಾಲು ಕಳೆಯಿರಿ, ಇದು ಸೊನ್ನೆ ಆಯಿತು", ಅಷ್ಟೇ. ಭೌತವಿಜ್ಞಾನಿ ಫೈನ್‌ಮನ್ 1961ರಿಂದ 63ರವರೆಗೆ ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಪಾಠಗಳ ಧ್ವನಿಮುದ್ರಣ ಈಗ ಪುಕ್ಕಟೆ ಸಿಗುತ್ತದೆ. ಆ ದನಿ, ಆ ತಮಾಷೆ ಕೇಳಲು ಖುಷಿ. ಭೌತಶಾಸ್ತ್ರ ಕಲಿಯಲು ಮಾತ್ರ ಅದರ ಪುಸ್ತಕವನ್ನೇ ತೆರೆಯಬೇಕು.

ಓಡುವಾಗ ನನಗೆ ಚೆನ್ನಾಗಿ ಒಗ್ಗಿದ್ದು ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಸಪೋಲ್ಸ್ಕಿ ಅವರ ಮನುಷ್ಯನ ವರ್ತನೆಯ ಜೀವಶಾಸ್ತ್ರ. 2010ರಲ್ಲಿ ಚಿತ್ರೀಕರಿಸಿದ್ದು, 25 ಪಾಠ. ಬಬೂನ್‌ಗಳ ಜತೆ ವರ್ಷಗಟ್ಟಲೆ ಕಳೆದ ಮನುಷ್ಯ, ಕತೆ ಹೇಳುವುದು ಗೊತ್ತು. ಯೇಲ್‌ನಲ್ಲೇ ಶೆಲ್ಲಿ ಕೇಗನ್ ಅವರ 'ಸಾವು' ಅನ್ನುವ ತತ್ವಶಾಸ್ತ್ರದ ಕೋರ್ಸ್ ಇದೆ. ಆಸಾಮಿ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ವಾದ ಮಾಡುತ್ತಾರೆ. ಬೋರ್ಡ್ ಕಡೆ ಹೋಗುವುದೇ ಅಪರೂಪ. ಬೆಳಗಿನ ಜಾವ ಸಾವಿನ ಬಗ್ಗೆ ಕೇಳುತ್ತಾ ಓಡುವುದು ವಿಚಿತ್ರ ಅನ್ನಿಸಬಹುದು, ಆದರೆ ಕೇಳಲು ಅದಕ್ಕಿಂತ ಸಲೀಸಾದ ತತ್ವಶಾಸ್ತ್ರ ನನಗೆ ಸಿಕ್ಕಿಲ್ಲ.

ಇನ್ನೊಂದು ಮಾತು. ಎಷ್ಟು ಜೋರಾಗಿ ಓಡುತ್ತೀರಿ ಅನ್ನುವುದೂ ಮುಖ್ಯ. ಪಕ್ಕದವರ ಜತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಉಸಿರಿದ್ದರೆ ಉಪನ್ಯಾಸ ಕೇಳಬಹುದು. ಎರಡೆರಡು ಪದಕ್ಕೆ ಏದುಸಿರು ಬರುತ್ತಿದ್ದರೆ ಪ್ಲೇಟೋನೂ ಬೇಡ, ಯಾರೂ ಬೇಡ. ಇಂಟರ್‌ವಲ್ (ಜೋರು ಓಟ, ನಿಧಾನ ಓಟ ಸರದಿಯಲ್ಲಿ) ಮಾಡುವ ದಿನ ನಾನು ಫೋನ್ ಮನೆಯಲ್ಲೇ ಬಿಡುತ್ತೇನೆ.

ಟ್ರೆಡ್‌ಮಿಲ್ ತಿಮ್ಮ

ನಮ್ಮ ಜಿಮ್‌ನಲ್ಲಿ ಡಿಜೆ ಹಾಡು ಹಾಕಿರುತ್ತಾರೆ. ಅದರ ಮೇಲೆ ಗ್ರೀಕ್ ಇತಿಹಾಸ ಕೇಳಬೇಕಾದರೆ ವಾಲ್ಯೂಮ್ ಎಷ್ಟಿಡಬೇಕು ಹೇಳಿ!

ಫಿಸಿಯೋ ಮಂಗಳೂರು

@ಟ್ರೆಡ್‌ಮಿಲ್ ತಿಮ್ಮ, ತಮಾಷೆಗೆ ಕೇಳಿದಿರಿ, ಆದರೆ ವಿಷಯ ತಮಾಷೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಿದರೆ ಕಿವಿಗೆ ತೊಂದರೆ ಇಲ್ಲ. ಅದೇ 90 ಡೆಸಿಬೆಲ್‌ಗೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ ಜಾಸ್ತಿ ಆಗಿದ್ದಕ್ಕೆ ಹೊತ್ತು ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಜಿಮ್ ಹಾಡಿನ ಮೇಲೆ ಮಾತು ಕೇಳಿಸಬೇಕು ಅಂತ ವಾಲ್ಯೂಮ್ ಏರಿಸುವ ಬದಲು ಹೊರಗಿನ ಸದ್ದನ್ನು ತಡೆಯುವ ಇಯರ್‌ಫೋನ್ ಹಾಕಿ. ಟ್ರೆಡ್‌ಮಿಲ್ ಮೇಲೆ ಅದು ಪರವಾಗಿಲ್ಲ. ಅದನ್ನೇ ಹಾಕಿಕೊಂಡು ರಸ್ತೆಗೆ ಇಳಿಯಬೇಡಿ, ಅಷ್ಟೇ.

ರಸ್ತೆಯಲ್ಲಿ ನಡೆಯುವವರು ಒಂದೇ ಕಿವಿಗೆ ಹಾಕಿ. ಇಲ್ಲವಾದರೆ ಕಿವಿಯ ತೂತು ಮುಚ್ಚದೆ ಕೆನ್ನೆಯ ಮೂಳೆಯ ಮೇಲೆ ಕೂರುವಂಥವು ಬಂದಿವೆ, ಬೋನ್ ಕಂಡಕ್ಷನ್ ಅನ್ನುತ್ತಾರೆ. ಹಾಡಿನ ಬೇಸ್ ಅದರಲ್ಲಿ ಸಪ್ಪೆ. ಮಾತು ಕೇಳಲು ಸಾಕು. ಹಿಂದಿನಿಂದ ಬರುವ ಬೈಕೂ ಕೇಳಿಸುತ್ತದೆ, ಬೆಳಿಗ್ಗೆ ಐದೂವರೆಯ ನಾಯಿಗಳೂ ಕೇಳಿಸುತ್ತವೆ.

ಸಾಧನಕೇರಿ

ನಾ ಧಾರವಾಡದಾವ, ಬ್ಯಾಂಕಿನಿಂದ ರಿಟೈರ್ ಆದವ. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಗಿಡಗಳ ನೆರಳಿನಲ್ಲಿ ಅಡ್ಡಾಡುತ್ತೇನೆ. ಮಗಳು ಫೋನಿನಲ್ಲಿ ಎಲ್ಲ ಹಾಕಿ ಕೊಟ್ಟಿದ್ದಾಳೆ.

ನಮ್ಮ ಕನ್ನಡದ ಉಪನ್ಯಾಸಗಳ ರೆಕಾರ್ಡಿಂಗ್ ಬಗ್ಗೆ ನನ್ನದೊಂದು ದೂರು ಇದೆ ನೋಡ್ರಿ. ಯಾವ ಸಭೆಯ ವಿಡಿಯೋ ಹಾಕಿದರೂ ಮೊದಲಿಗೆ ಪ್ರಾರ್ಥನೆ. ಆಮೇಲೆ ಸ್ವಾಗತ. ಆಮೇಲೆ ದೀಪ ಹಚ್ಚುವುದು, ಆಗ ಐದು ನಿಮಿಷ ಬರೀ ಕುರ್ಚಿ ಸರಿಸುವ ಸಪ್ಪಳ. ಆಮೇಲೆ ಹಾರ, ಶಾಲು, ನೆನಪಿನ ಕಾಣಿಕೆ. ಆಮೇಲೆ ಅತಿಥಿಗಳ ಪರಿಚಯ ಮಾಡುವವರು ತಮ್ಮದೇ ಒಂದು ಭಾಷಣ ಮಾಡುತ್ತಾರೆ. ಮುಖ್ಯ ಮಾತು ಶುರುವಾಗುವ ಹೊತ್ತಿಗೆ ನನ್ನ ವಾಕಿಂಗ್ ಮುಗಿದು ಚಹಾ ಬಂದಿರುತ್ತದೆ! ಅದನ್ನೆಲ್ಲ ಕತ್ತರಿಸಿ ಬರೀ ಮಾತು ಇಡಲು ಏನು ಕಷ್ಟ?

ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ರೇಡಿಯೋ ಭಾಷಣ ಅಂದರೆ ಹತ್ತು-ಹದಿನೈದು ನಿಮಿಷ. ಬರೆದುಕೊಂಡು ಹೋಗಬೇಕು, ಹೊತ್ತು ಮೀರಿದರೆ ಕೇಳುವವರಿಲ್ಲ. ಅದಕ್ಕೇ ಅದರೊಳಗೆ ಒಂದು ಬಿಗಿ ಇರುತ್ತಿತ್ತು. ಎದುರಿಗೆ ಯಾರೂ ಕೂತಿಲ್ಲ, ಕೇಳುವವನು ಅಂಗಡಿಯಲ್ಲೋ ಹೊಲದಲ್ಲೋ ಇದ್ದಾನೆ ಅಂತ ತಿಳಿದು ಮಾತಾಡುತ್ತಿದ್ದರು. ಈಗಿನವರು ಸಭೆಗೆ ಮಾತಾಡಿ ಅದನ್ನೇ ನಮ್ಮ ಕಿವಿಗೆ ಹಾಕುತ್ತಾರೆ.

ಒಂದು ಪ್ರಶ್ನೆ ಫಿಸಿಯೋ ಅವರಿಗೆ. ಒಳ್ಳೆ ಮಾತು ಬಂದಾಗ ನಾನು ನಡೆಯುತ್ತಾ ನಡೆಯುತ್ತಾ ನಿಂತುಬಿಡುತ್ತೇನೆ. ಗೊತ್ತೇ ಆಗುವುದಿಲ್ಲ. ಇದರಿಂದ ವ್ಯಾಯಾಮ ಕೆಡುತ್ತದೆಯೇ?

ಫಿಸಿಯೋ ಮಂಗಳೂರು

ಸರ್, ಬೇರೆ ಕಾಯಿಲೆ ಇಲ್ಲದಿದ್ದರೆ ವ್ಯಾಯಾಮ ಕೆಡುವುದಿಲ್ಲ. ಆದರೆ ಈ ನಿಲ್ಲುವುದರ ಬಗ್ಗೆ ನಮ್ಮ ಕ್ಷೇತ್ರದಲ್ಲಿ ಒಂದು ಹೆಸರಾಂತ ಅಧ್ಯಯನ ಇದೆ. 1997ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, ಸ್ವೀಡನ್ನಿನವರು ಮಾಡಿದ್ದು. ಹಿರಿಯರ ವಸತಿಯಲ್ಲಿದ್ದ 58 ಮಂದಿಯ ಜತೆ ನಡೆಯುತ್ತಾ ಮಾತು ತೆಗೆದರು. 12 ಮಂದಿ ಮಾತಾಡಲು ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ನಡಿಗೆ ತಾನೇ ತಾನಾಗಿ ಆಗುವ ಕೆಲಸ ಅಂದುಕೊಂಡಿರುತ್ತೇವೆ. ವಯಸ್ಸಾದಂತೆ ಅದಕ್ಕೂ ಗಮನ ಬೇಕಾಗುತ್ತದೆ. ಎರಡು ಕಡೆ ಗಮನ ಕೊಡಲು ಆಗದಾಗ ಒಂದು ನಿಲ್ಲುತ್ತದೆ.

ಹೆದರಬೇಡಿ. ಅವರ ಸರಾಸರಿ ವಯಸ್ಸು ಎಂಬತ್ತರ ಹತ್ತಿರ. ನಿಮ್ಮದು ಮಾತು ಇಷ್ಟವಾಗಿ ನಿಲ್ಲುವುದು, ಅದು ಬೇರೆ ಇರಬಹುದು. ಆದರೂ ಸಮತಟ್ಟಾದ ಜಾಗದಲ್ಲೇ ಕೇಳಿ. ಕಲ್ಲು, ಬೇರು, ಮೆಟ್ಟಿಲು ಇರುವ ಕಡೆ ನಿಲ್ಲಿಸಿ. ನಡೆಯುವಾಗ ಹೆಜ್ಜೆ ತಪ್ಪಿದಂತೆ, ಓಲಾಡಿದಂತೆ ಅನ್ನಿಸಿದರೆ ಒಮ್ಮೆ ಡಾಕ್ಟರಿಗೆ ತೋರಿಸಿ.

ಮ್ಯೂನಿಕ್ ಕನ್ನಡಿಗ

ಮೂಲ ಪ್ರಶ್ನೆಗೆ ಬರುತ್ತೇನೆ. ನಡೆಯುವಾಗ ಕಲಿತದ್ದು ನೆನಪಲ್ಲಿ ಉಳಿಯುತ್ತದೆಯೇ?

ಇಲ್ಲಿ ಜರ್ಮನಿಯಲ್ಲಿ 2013ರಲ್ಲಿ ಒಂದು ಪ್ರಯೋಗದ ವರದಿ ಬಂತು. ಯುವತಿಯರಿಗೆ ಸೈಕಲ್ ತುಳಿಯುತ್ತಿರುವಾಗಲೇ ಹೊಸ ಭಾಷೆಯ ಪದಗಳನ್ನು ಕೇಳಿಸಿದರು. ಹಗುರದಿಂದ ಮಧ್ಯಮ ಮಟ್ಟದ ಶ್ರಮದಲ್ಲಿ ಕೇಳಿದವರು ಕೂತು ಕೇಳಿದವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ನಾನು ಜರ್ಮನ್ ಪದ ಕಲಿತದ್ದು ಹೀಗೆಯೇ, ಇಸಾರ್ ನದಿಯ ದಂಡೆಯಲ್ಲಿ ನಡೆಯುತ್ತಾ.

ಆದರೆ ಒಂದೊಂದೇ ಪದ ಕೇಳುವುದು ಬೇರೆ, ಒಂದು ಗಂಟೆಯ ವಾದ ಹಿಡಿದಿಟ್ಟುಕೊಳ್ಳುವುದು ಬೇರೆ. 2010ರಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗಳ ಎರಡು ಗುಂಪು ಮಾಡಿ ಒಂದೇ ಪಾಠವನ್ನು ಒಬ್ಬರಿಗೆ ಓದಲು, ಇನ್ನೊಬ್ಬರಿಗೆ ಪಾಡ್‌ಕಾಸ್ಟ್ ಆಗಿ ಕೇಳಲು ಕೊಟ್ಟರು. ಪರೀಕ್ಷೆಯಲ್ಲಿ ಓದಿದವರೇ ಮುಂದೆ. ಅದೇ 2016ರ ಇನ್ನೊಂದು ಅಧ್ಯಯನದಲ್ಲಿ ಓದಿದವರು, ಕೇಳಿದವರು ಇಬ್ಬರೂ ಸಮ ಸಮ. ಎರಡನೆಯದರಲ್ಲಿ ಕೊಟ್ಟದ್ದು ಕತೆಯಂತೆ ಸಾಗುವ ಒಂದು ಪುಸ್ತಕದ ಭಾಗ. ನನಗೆ ಅನ್ನಿಸುವುದು ವ್ಯತ್ಯಾಸ ಅಲ್ಲೇ ಇದೆ ಅಂತ. ಕತೆ ಕಿವಿಗೆ ಒಗ್ಗುತ್ತದೆ. ಹಿಂದೆ ಹೋಗಿ ಮತ್ತೆ ಓದಬೇಕಾದಂಥದ್ದು ಒಗ್ಗುವುದಿಲ್ಲ. ಪುಟದಲ್ಲಿ ಕಣ್ಣು ತಾನೇ ಹಿಂದಕ್ಕೆ ಹೋಗುತ್ತದೆ, ಅಲ್ವಾ? ನಡೆಯುವಾಗ ಜೇಬಿನಿಂದ ಫೋನ್ ತೆಗೆದು ಹದಿನೈದು ಸೆಕೆಂಡ್ ಹಿಂದೆ ಒತ್ತಬೇಕು. ಯಾರೂ ಒತ್ತುವುದಿಲ್ಲ.

ವೇಗದ ಬಗ್ಗೆಯೂ ಹೇಳಿಬಿಡುತ್ತೇನೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ನೋಡಿದಂತೆ ಪಾಠದ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ನೋಡಿದರೂ ವಿದ್ಯಾರ್ಥಿಗಳಿಗೆ ಹೆಚ್ಚು ನಷ್ಟ ಇಲ್ಲ. ಎರಡೂವರೆ ಪಟ್ಟಿಗೆ ಹೋದಾಗ ಇಳಿಯಿತು. ಆದರೆ ಅವರು ಕೂತಿದ್ದರು, ಪರದೆ ಎದುರಿಗಿತ್ತು. ನಡೆಯುವಾಗ ನನಗೆ ಒಂದೂಕಾಲು ಪಟ್ಟೇ ಮಿತಿ.

ಗಮಕಪ್ರಿಯ

ಶಿವಮೊಗ್ಗದಿಂದ. ನೀವೆಲ್ಲ ಯೇಲ್, ಸ್ಟ್ಯಾನ್‌ಫರ್ಡ್ ಅಂತ ಹೇಳುತ್ತಿದ್ದೀರಿ, ಬೇಡ ಅನ್ನುವುದಿಲ್ಲ. ಆದರೆ ಕೈಯಲ್ಲಿ ಪುಸ್ತಕ ಇಲ್ಲದವನಿಗೆ ಅಂತಲೇ ಹುಟ್ಟಿದ ಪದ್ಧತಿ ನಮ್ಮಲ್ಲೇ ಇದೆಯಲ್ಲ.

ಗಮಕದಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ಪದ್ಯವನ್ನು ರಾಗದಲ್ಲಿ ವಾಚಿಸುತ್ತಾರೆ. ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಒಂದೇ ವಿಷಯ ಎರಡು ಸಲ, ಎರಡು ರೀತಿಯಲ್ಲಿ ಕಿವಿಗೆ ಬೀಳುತ್ತದೆ. ಪದ್ಯದಲ್ಲಿ ತಪ್ಪಿದ್ದು ವ್ಯಾಖ್ಯಾನದಲ್ಲಿ ಸಿಗುತ್ತದೆ. ವ್ಯಾಖ್ಯಾನಕಾರರು ಮುಖ್ಯ ಸಾಲನ್ನು ಮತ್ತೆ ಎತ್ತಿಕೊಂಡು ಹೇಳುತ್ತಾರೆ, ಹಾಗಾಗಿ ಮೂರನೇ ಸಲವೂ ಬರುತ್ತದೆ. ನಡುವೆ ರಸ್ತೆ ದಾಟಿದರೂ, ಪರಿಚಯದವರು ಸಿಕ್ಕಿ "ಏನ್ ಸಾರ್, ಆಯ್ತಾ ವಾಕಿಂಗು" ಅಂದರೂ ಎಳೆ ತಪ್ಪುವುದಿಲ್ಲ. ಮ್ಯೂನಿಕ್ ಸರ್ ಹೇಳಿದ ಆ ಹಿಂದಕ್ಕೆ ಒತ್ತುವ ಗುಂಡಿ ಇದೆಯಲ್ಲ, ಅದನ್ನು ಇಲ್ಲಿ ವ್ಯಾಖ್ಯಾನಕಾರರೇ ನಿಮಗಾಗಿ ಒತ್ತುತ್ತಾರೆ.

ನಮ್ಮೂರ ಹತ್ತಿರ ತುಂಗೆಯ ಎರಡು ದಡದಲ್ಲಿ ಮತ್ತೂರು, ಹೊಸಹಳ್ಳಿ ಇವೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರು ಈಗಿಲ್ಲ, ವಾಚನ ಉಳಿದಿದೆ. ಯೂಟ್ಯೂಬಿನಲ್ಲಿ ಹುಡುಕಿ, ಕುಮಾರವ್ಯಾಸನಿಂದ ಶುರು ಮಾಡಿ.

ಹೆಬ್ಬಾಳ ರನ್ನರ್

ಗಮಕ ಚೆಂದವೇ. ಆದರೆ ಮೇಡಂ ಕೇಳಿದ್ದು ವಿದ್ವತ್ತಿನ ಉಪನ್ಯಾಸ. ಇದು ಕಾವ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಾ?

ಗಮಕಪ್ರಿಯ

ಒಳ್ಳೆಯ ವ್ಯಾಖ್ಯಾನ ಒಮ್ಮೆ ಪೂರ್ತಿ ಕೇಳಿ ಆಮೇಲೆ ಹೇಳಿ ಸರ್. ಒಂದು ಪದ್ಯದ ಮೇಲೆ ವ್ಯಾಕರಣ, ಛಂದಸ್ಸು, ವ್ಯಾಸಭಾರತದಲ್ಲಿ ಇದೇ ಸಂದರ್ಭ ಹೇಗಿದೆ, ಪಂಪ ಏನು ಮಾಡಿದ, ಎಲ್ಲ ಬರುತ್ತದೆ. ಅಡಿಟಿಪ್ಪಣಿಗಳನ್ನು ಬಾಯಲ್ಲೇ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಬೆಂಗಳೂರಿನವರಿಗೆ ಇನ್ನೊಂದು ಹೇಳುತ್ತೇನೆ. ಬಸವನಗುಡಿಯಲ್ಲಿ ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಅಲ್ಲಿ ಶತಾವಧಾನಿ ಆರ್. ಗಣೇಶ್ ಮತ್ತು ಇತರರು ಮಾಡಿದ ಉಪನ್ಯಾಸಗಳ ರೆಕಾರ್ಡಿಂಗ್ ಸಾಲು ಸಾಲು ಸಿಗುತ್ತದೆ. ಅವರ ಅಭಿಪ್ರಾಯ ಎಲ್ಲ ಒಪ್ಪಬೇಕಾಗಿಲ್ಲ. ಆದರೆ ಸ್ಲೈಡ್ ಇಲ್ಲ, ಬೋರ್ಡ್ ಇಲ್ಲ, ಬರೀ ಮಾತು. ಒಂದೇ ವಿಷಯ ದಿನ ದಿನ ಮುಂದುವರಿಯುತ್ತದೆ, ಹಾಗಾಗಿ ನಾಳೆ ಏನು ಹಾಕಲಿ ಅನ್ನುವ ಯೋಚನೆಯೂ ಇಲ್ಲ.

ಅನಿಕೇತ_ಐಟಿ

ನನ್ನ ತೊಂದರೆ ಬೇರೆ. ವಿಜ್ಞಾನ ಕನ್ನಡದಲ್ಲಿ ಕೇಳಲು ಎಲ್ಲಿದೆ? ಅರ್ಥಶಾಸ್ತ್ರ ಎಲ್ಲಿದೆ? ತಲೆ-ಹರಟೆ ಪಾಡ್‌ಕಾಸ್ಟ್ 2018ರಲ್ಲಿ ಶುರುವಾದಾಗ ಅಬ್ಬಾ, ಸಿಕ್ಕಿತು ಅಂದುಕೊಂಡೆ. ನೀತಿ, ಇತಿಹಾಸ, ವಿಜ್ಞಾನ ಎಲ್ಲವನ್ನೂ ಆಡುಮಾತಿನ ಕನ್ನಡದಲ್ಲಿ ಮಾತಾಡಿದ್ದಾರೆ. ಅಂಥವು ಇನ್ನೂ ಹತ್ತು ಬೇಕು. ಪುಸ್ತಕಕ್ಕೆ ಮೈಲ್ಯಾಂಗ್ ಇದೆ, ಕನ್ನಡದ ಕಾದಂಬರಿಗಳು ದನಿಯಲ್ಲೂ ಸಿಗುತ್ತವೆ. ಇಂಗ್ಲಿಷ್ ಹಳೆಯ ಪುಸ್ತಕಗಳಿಗೆ ಲಿಬ್ರಿವಾಕ್ಸ್, 2005ರಿಂದ ಸ್ವಯಂಸೇವಕರು ಓದಿ ಹಾಕುತ್ತಿದ್ದಾರೆ. ಪುಕ್ಕಟೆ. ಆದರೆ ಓದುವವರ ದನಿ ಅಧ್ಯಾಯಕ್ಕೊಂದು ಥರ, ಕೆಲವರದು ನಿದ್ದೆ ಬರಿಸುತ್ತದೆ.

ಇನ್ನು ಫೋನಿನ ವಿಷಯ. ಯೂಟ್ಯೂಬ್ ಪುಕ್ಕಟೆ ಖಾತೆಯಲ್ಲಿ ಸ್ಕ್ರೀನ್ ಆಫ್ ಮಾಡಿದರೆ ದನಿ ನಿಲ್ಲುತ್ತದೆ. ಆನ್ ಇಟ್ಟು ಜೇಬಿಗೆ ಹಾಕಿದರೆ ಬೆವರಿಗೆ ತಾನೇ ಒತ್ತಿಕೊಂಡು ಇನ್ನೆಲ್ಲೋ ಹೋಗಿರುತ್ತದೆ. ಅದಕ್ಕೆ ಪಾಡ್‌ಕಾಸ್ಟ್ ರೂಪದಲ್ಲಿ ಸಿಗುವುದನ್ನೇ ಹುಡುಕಿ. ಆಂಡ್ರಾಯ್ಡ್‌ನಲ್ಲಿ ಆಂಟೆನಾಪಾಡ್ ಅಂತ ಆ್ಯಪ್ ಇದೆ, ಜಾಹೀರಾತಿಲ್ಲ, ದುಡ್ಡಿಲ್ಲ. ರಾತ್ರಿ ವೈಫೈಯಲ್ಲಿ ಇಳಿಸಿಕೊಂಡರೆ ಬೆಳಿಗ್ಗೆ ಡೇಟಾ ಬೇಡ. ಓಪನ್ ಯೇಲ್‌ನವರು ಪ್ರತಿ ಪಾಠದ ಎಂಪಿ3 ಬೇರೆಯಾಗಿಯೇ ಇಟ್ಟಿದ್ದಾರೆ, ಜತೆಗೆ ಮಾತಿನ ಪೂರ್ತಿ ಬರಹ ಕೂಡ. ಸಂಜೆ ಬೇಕಾದ ಭಾಗ ಓದಬಹುದು.

ಸುಮ್ನಿರಿ ಸ್ವಲ್ಪ

ಬೈಯಬೇಡಿ, ಒಂದು ಮಾತು ಕೇಳುತ್ತೇನೆ. ಒಂದು ಗಂಟೆ ಕಿವಿ ಖಾಲಿ ಬಿಟ್ಟರೆ ಏನಾಗುತ್ತದೆ?

2014ರಲ್ಲಿ ಸ್ಟ್ಯಾನ್‌ಫರ್ಡ್‌ನವರೇ ತೋರಿಸಿದ್ದಾರೆ, ನಡೆಯುವಾಗ ಹೊಸ ಯೋಚನೆಗಳು ಕೂತಾಗಿಗಿಂತ ಜಾಸ್ತಿ ಬರುತ್ತವೆ ಅಂತ. ಟ್ರೆಡ್‌ಮಿಲ್ ಮೇಲೆ ಗೋಡೆ ನೋಡುತ್ತಾ ನಡೆದರೂ ಬಂದವಂತೆ. ಆದರೆ ಅವರ ಕಿವಿಯಲ್ಲಿ ಯಾರೂ ಪಾಠ ಮಾಡುತ್ತಿರಲಿಲ್ಲ. ಬಿಡುವು ಸಿಕ್ಕಿದ್ದಕ್ಕೆ ತಲೆ ತನ್ನ ಕೆಲಸ ಮಾಡಿತು. ನೀವೆಲ್ಲ ಆ ಬಿಡುವನ್ನೂ ತುಂಬಿಸಲು ಹೊರಟಿದ್ದೀರಿ. ಆಫೀಸಿನಲ್ಲಿ ಮಾತು, ಮನೆಯಲ್ಲಿ ಟಿವಿ, ಈಗ ಕೆರೆ ಹತ್ತಿರವೂ ಪಾಠ. ಕುವೆಂಪು ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಅಡ್ಡಾಡಿದಾಗ ಹಕ್ಕಿಯನ್ನೇ ಕೇಳಿದ್ದು.

ಕುಕ್ಕರಹಳ್ಳಿ ವಾಕರ್

@ಸುಮ್ನಿರಿ ಸ್ವಲ್ಪ, ಬೈಯುವುದಿಲ್ಲ, ನಿಮ್ಮ ಮಾತಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಕುವೆಂಪು ಅವರಿಗೆ ಓದಲು ಮನೆಯಲ್ಲಿ ಹೊತ್ತಿತ್ತು. ಬೆಳಿಗ್ಗೆ ತಿಂಡಿ, ಡಬ್ಬಿ, ಕಾಲೇಜು, ಸಂಜೆ ಪೇಪರ್ ತಿದ್ದುವುದು ಇರುವವಳಿಗೆ ಈ ಒಂದು ಗಂಟೆ ಬಿಟ್ಟರೆ ಇನ್ನೊಂದಿಲ್ಲ. ಹೆಂಗಸರು ಓದಿಗೆ ಹೊತ್ತು ಎಲ್ಲಿಂದ ತರುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆಗಿಂತ ದೊಡ್ಡದು. ಹೋಗಲಿ, ಅದಕ್ಕೆ ಇನ್ನೊಂದು ಚರ್ಚೆ ಬೇಕು. ಕೊನೆಯ ಸುತ್ತಿನಲ್ಲಿ ಇಯರ್‌ಫೋನ್ ತೆಗೆಯುತ್ತೇನೆ. ಕೇಳಿದ್ದನ್ನು ನನಗೆ ನಾನೇ ಹೇಳಿಕೊಂಡು ಬರುತ್ತೇನೆ, ವಿದ್ಯಾರ್ಥಿಗಳಿಗೆ ಪಾಠ ಮಾಡುವ ಹಾಗೆ. ಎಲ್ಲಿ ತಡವರಿಸಿದೆನೋ ಆ ಭಾಗ ಸಂಜೆ ಓದಿದರಾಯಿತು.

ಉಳಿದವರೆಲ್ಲ ಹೇಳಿದ್ದನ್ನು ನೋಡಿದರೆ ಸಾಧನಕೇರಿ ಸರ್ ಮತ್ತು ಗಮಕಪ್ರಿಯ ಹೇಳಿದ್ದೇ ನನಗೆ ಹೆಚ್ಚು ಹಿಡಿಸಿತು. ಪಾಠ ಎಷ್ಟು ಕಷ್ಟದ್ದು ಅನ್ನುವುದಲ್ಲ, ಯಾರಿಗಾಗಿ ಮಾಡಿದ್ದು ಅನ್ನುವುದು ಮುಖ್ಯ. ಬಿಬಿಸಿ ರೇಡಿಯೋದ ರೀತ್ ಉಪನ್ಯಾಸಗಳು ಇದಕ್ಕೆ ಸಾಕ್ಷಿ. 1948ರಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮೊದಲನೆಯದನ್ನು ಕೊಟ್ಟರು. 1953ರಲ್ಲಿ ಅಣುಬಾಂಬಿನ ವಿಜ್ಞಾನಿ ಓಪನ್‌ಹೈಮರ್. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 2003ರಲ್ಲಿ ಮೆದುಳಿನ ಬಗ್ಗೆ ಮಾತಾಡಿದರು. ವಿಷಯ ಹಗುರವಲ್ಲ. ಆದರೆ ರೇಡಿಯೋಗೆ ಅಂತ ಬರೆದದ್ದು, ಕೇಳುವವರಿಗೆ ಚಿತ್ರ ಕಾಣುವುದಿಲ್ಲ. ಹಾಗಾಗಿ ಕೈ ಕಳೆದುಕೊಂಡವರಿಗೆ ಆ ಕೈ ಇನ್ನೂ ಇದೆ ಅನ್ನಿಸುವುದನ್ನು ರಾಮಚಂದ್ರನ್ ಬರೀ ಮಾತಲ್ಲೇ ಕಟ್ಟಿಕೊಡುತ್ತಾರೆ. ಈಗ ಹೊಸದೇನಾದರೂ ಇಳಿಸಿಕೊಂಡರೆ ಮೊದಲು ಮನೆಯಲ್ಲಿ ಪರದೆ ನೋಡದೆ ಐದು ನಿಮಿಷ ಕೇಳುತ್ತೇನೆ. "ಇಲ್ಲಿ ನೋಡಿ" ಅನ್ನುವುದು ಎರಡು ಸಲ ಬಂದರೆ ಅದು ಕೆರೆಗೆ ಬರುವುದಿಲ್ಲ.

ಟ್ರೆಡ್‌ಮಿಲ್ ತಿಮ್ಮ

ರಾಮಚಂದ್ರನ್ ಇಳಿಸಿಕೊಂಡೆ. ಮೇಡಂ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏನು ಕೇಳಬಹುದು?

ಫಿಸಿಯೋ ಮಂಗಳೂರು

ಹತ್ತುವಾಗ ಏದುಸಿರು ಬರುತ್ತದೆ, ಏನು ಹಾಕಿದರೂ ದಂಡ. ಇಳಿಯುವಾಗ ಉಸಿರು ಸರಿ ಇರುತ್ತದೆ, ಆದರೆ ಮೊಣಕಾಲಿಗೂ ಕಣ್ಣಿಗೂ ಕೆಲಸ ಜಾಸ್ತಿ, ಆಗಲೂ ಬೇಡ. ಮೇಲೆ ನಂದಿ ಹತ್ತಿರ ಕೂತು ಕೇಳಿ.

ಸಾಧನಕೇರಿ

ಅನಿಕೇತ ಅವರೇ, ಆ ಆಂಟೆನಾಪಾಡ್‌ನಲ್ಲಿ ಶುರುವಿನ ಇಪ್ಪತ್ತು ನಿಮಿಷ ತಾನೇ ಹಾರಿಸುವ ಸೌಕರ್ಯ ಏನಾದರೂ ಇದೆಯೇನ್ರಿ? ನನ್ನ ದೀಪ, ಹಾರದ ಕಾಟಕ್ಕೆ.

ಅನಿಕೇತ_ಐಟಿ

ಇದೆ ಸರ್. ಯಾವ ಪಾಡ್‌ಕಾಸ್ಟೋ ಅದರ ಸೆಟ್ಟಿಂಗ್‌ಗೆ ಹೋಗಿ, ಶುರುವಿನಲ್ಲಿ ಎಷ್ಟು ಸೆಕೆಂಡ್ ಬಿಡಬೇಕು ಅಂತ ಹಾಕಬಹುದು. ಕೊನೆಗೂ ಹಾಕಬಹುದು, ವಂದನಾರ್ಪಣೆಗೆ ಬೇಕಾಗುತ್ತದೆ. ಮಗಳಿಗೆ ಹೇಳಿ, ಎರಡು ನಿಮಿಷದ ಕೆಲಸ.